ಸಾಫ್ಟ್‌ವೇರಿಗೂ ಬೇಕು ಖಡಕ್ ಕರಾರು

ಉತಾರದಲ್ಲಿ 1-20 ಎಂದು ಬರೆದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಎಂದು ವಿಜಯಪುರದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿಗೆ ಹೇಳಿಕೊಡಲೇಬೇಕು. ಅದು ದಶಮಾಂಶವೆಂದು ಓದಿಕೊಂಡರೆ ಅಣ್ಣತಮ್ಮಂದಿರ ಇಂಥ ಎರಡು ಪಾಲು ಕೂಡಿ 3 ಎಕರೆ ಆಗುವ ಬದಲು 2.40 ಆಗುತ್ತದೆ. ‘ಜಮೀನಿನ ಲೆಕ್ಕ ಸರಿಯಾಗಿರಬೇಕು’ ಎಂಬ ಮಾತು ಈ ತಪ್ಪನ್ನು ತಡೆಯಲಾರದು. ‘ಎಲ್ಲ ಹಿಸ್ಸೆಗಳನ್ನು 40 ಗುಂಟೆಗೆ 1 ಎಕರೆಯಂತೆ ಕೂಡಿದಾಗ ಮೂಲ ಸರ್ವೆ ನಂಬರಿನ ವಿಸ್ತೀರ್ಣಕ್ಕೆ ತಾಳೆಯಾಗಬೇಕು, ಆಗದಿದ್ದರೆ ವಾಟ್ನಿ ದಾಖಲಾಗಕೂಡದು’ ಎಂಬ ಮಾತು ತಡೆಯುತ್ತದೆ. ಮೊದಲನೆಯದು ಆಸೆ, ಎರಡನೆಯದು ಪರೀಕ್ಷಿಸಿ ನೋಡಬಹುದಾದ ಕರಾರು. ಎಂಜಿನಿಯರುಗಳ ರಿಕ್ವೈರ್‌ಮೆಂಟ್ ಪಟ್ಟಿಯಲ್ಲಿ ಇರಬೇಕಾದದ್ದು ಈ ಎರಡನೆಯ ಬಗೆಯ ವಾಕ್ಯ.

ನಮ್ಮ ‘ಭೂಮಿ’ ಯೋಜನೆ ಇದಕ್ಕೆ ಸಾಕ್ಷಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ‘ಲಂಚ ನಿಲ್ಲಬೇಕು’ ಎಂದಷ್ಟೇ ಬರೆದಿದ್ದರೆ ಯಂತ್ರ ಏನನ್ನೂ ಮಾಡುತ್ತಿರಲಿಲ್ಲ. ಯೋಜನೆ ರೂಪಿಸಿದವರು ಆ ಆಸೆಯನ್ನು ಬಿಡಿಬಿಡಿ ಕಟ್ಟಳೆಗಳಾಗಿ ಒಡೆದರು: ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿ ಮೊದಲು, ಸಿಬ್ಬಂದಿ ಬೆರಳಚ್ಚು ಕೊಡದೆ ಒಳಹೋಗುವಂತಿಲ್ಲ, ಕೌಂಟರಿನಲ್ಲಿ ಅರ್ಜಿದಾರನಿಗೂ ಕಾಣುವಂತೆ ಇನ್ನೊಂದು ಪರದೆ, ಪಹಣಿಗೆ 15 ರೂಪಾಯಿ. ಲಂಚ ಬೇರುಸಹಿತ ಹೋಯಿತೆಂದು ಯಾರೂ ಹೇಳಲಾರರು. ಆದರೆ ಈ ಒಂದೊಂದು ಕಟ್ಟಳೆಯೂ ಪಾಲನೆಯಾಗುತ್ತಿದೆಯೇ ಎಂದು ಕೌಂಟರಿನ ಮುಂದೆ ನಿಂತವರೇ ನೋಡಿ ಹೇಳಬಹುದಿತ್ತು.

ಅಗತ್ಯಗಳು ದಿನಕ್ಕೊಂದು ಬದಲಾಗುತ್ತವೆ, ಬರೆದಿಟ್ಟು ಏನು ಫಲ ಎಂಬ ಆಕ್ಷೇಪವಿದೆ. ಬದಲಾಗುವುದು ನಿಜ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2018ರಲ್ಲಿ ತಿಕೋಟಾ, ಬಬಲೇಶ್ವರ ವಿಜಯಪುರ ತಾಲ್ಲೂಕಿನಿಂದ ಒಡೆದು ಬೇರೆ ತಾಲ್ಲೂಕುಗಳಾದವು. ಹಳ್ಳಿಗಳು ಇದ್ದಲ್ಲೇ ಇದ್ದವು, ವಿಳಾಸ ಬದಲಾಯಿತು. ಹಳ್ಳಿಯನ್ನು ಹೆಸರಿನಿಂದಲೇ ಗುರುತಿಸುವ ಸಾಫ್ಟ್‌ವೇರಿನಲ್ಲಿ ಹಳೆಯ ಬೋಜಾ, ಹಳೆಯ ಖಾತೆ ಹುಡುಕುವವರು ಪರದಾಡಬೇಕಾಗುತ್ತದೆ. ‘ಪ್ರತಿ ಹಳ್ಳಿಗೂ ಕಾಯಂ ಸಂಕೇತ ಸಂಖ್ಯೆ ಇರಬೇಕು, ಹೆಸರು, ತಾಲ್ಲೂಕು ಬದಲಾದರೆ ದಿನಾಂಕ ಸಹಿತ ದಾಖಲಾಗಬೇಕು’ ಎಂಬ ಸಾಲು, ಅದನ್ನು ಏಕೆ ಹಾಕಿದ್ದೇವೆಂಬ ಕಾರಣದೊಂದಿಗೆ ಪಟ್ಟಿಯಲ್ಲಿದ್ದರೆ, ಎಲ್ಲೆಲ್ಲಿ ತಿದ್ದಬೇಕೆಂಬುದು ಹತ್ತು ವರ್ಷದ ನಂತರ ಬಂದ ಎಂಜಿನಿಯರಿಗೂ ತಿಳಿಯುತ್ತದೆ. ಬದಲಾವಣೆ ಖಚಿತ ಎನ್ನುವುದೇ ಬರೆದಿಡಲು ದೊಡ್ಡ ಕಾರಣ.

ಬರೆದದ್ದೆಲ್ಲ ಪಾಲನೆಯಾಗುತ್ತದೆಯೇ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹ ತಲುಪುವ ಹೊತ್ತಿಗೆ ಕೈತಪ್ಪಿತು. ಎಂಜಿನ್ ತಳ್ಳುವಿಕೆಯ ಲೆಕ್ಕ ಮೆಟ್ರಿಕ್ ಮಾನದಲ್ಲಿ ಬರಬೇಕೆಂದು ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡಿನಲ್ಲಿ ಕೊಡುತ್ತಿತ್ತು, ಅದನ್ನು ತಾಳೆ ನೋಡುವ ಪರೀಕ್ಷೆ ನಡೆಯಲಿಲ್ಲ. ಪ್ರತಿ ಕರಾರಿಗೂ ಒಂದು ಪರೀಕ್ಷೆ, ಅದಕ್ಕೊಬ್ಬ ಹೊಣೆಗಾರ ಇರದಿದ್ದರೆ ಪಟ್ಟಿ ಕಪಾಟಿನ ಕಾಗದವೇ ಸರಿ.

ಆದ್ದರಿಂದ ಜಮೀನು ದಾಖಲೆಯ ಯಾವುದೇ ಹೊಸ ಸಾಫ್ಟ್‌ವೇರಿನ ಟೆಂಡರಿಗೆ ಸಹಿ ಬೀಳುವ ಮೊದಲೇ ಈ ಪಟ್ಟಿಯನ್ನು ಕನ್ನಡದಲ್ಲಿ, ತಿಕೋಟಾ, ಬಬಲೇಶ್ವರದ ಕೌಂಟರ್ ಸಿಬ್ಬಂದಿ, ಭೂಮಾಪಕರು, ದ್ರಾಕ್ಷಿ ಬೆಳೆಗಾರರ ಮುಂದೆ ಓದಿ ಹೇಳಬೇಕು. ಅಲ್ಲಿ ಏಳುವ ತಕರಾರಿಗೆ ಒಂದು ಸಾಲು ತಿದ್ದಿದರೆ ಸಾಕು; ಸಾಫ್ಟ್‌ವೇರ್ ಚಾಲೂ ಆದ ಮೇಲೆ ಅದೇ ತಕರಾರಿಗೆ ಊರೂರಿನ ದಾಖಲೆ ತಿದ್ದಬೇಕಾಗುತ್ತದೆ.