ಮನೆಯಲ್ಲೇ ಹೊಲಿಯುವವರಿಗೆ ರೋಟರಿ ಕಟರ್ ಎಷ್ಟು ಉಪಯುಕ್ತ? ಖರೀದಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು ಇಲ್ಲಿವೆ

ಥಾಣೆ: ಬೆಳಗಿನ ಲೋಕಲ್ ಹಿಡಿಯುವವರು ಮನೆಯಿಂದ ಹೊರಟ ಮೇಲೆ ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬೈಯ ಎಷ್ಟೋ ಮನೆಗಳಲ್ಲಿ ಊಟದ ಮೇಜು ಕಟಿಂಗ್ ಟೇಬಲ್ ಆಗುತ್ತದೆ. ಬ್ಲೌಸ್, ಸೀರೆ ಫಾಲ್, ದಿಂಬಿನ ಕವರ್, ಬಟ್ಟೆ ಚೀಲ, ಗಣಪತಿ ಹಬ್ಬ ಬಂತೆಂದರೆ ಮಂಟಪದ ಪರದೆ ಹೀಗೆ ಮನೆಯಲ್ಲೇ ಕುಳಿತು ಹೊಲಿದು ನಾಲ್ಕು ಕಾಸು ಸಂಪಾದಿಸುವ ಮಹಿಳೆಯರು ಈ ಭಾಗದಲ್ಲಿ ಬಹಳ. ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ.

ಇವರ ಕೆಲಸದಲ್ಲಿ ಹೊಲಿಗೆಗಿಂತ ಹೆಚ್ಚು ಸಮಯ ತಿನ್ನುವುದು ಕತ್ತರಿಸುವ ಕೆಲಸ. ಇಪ್ಪತ್ತು ಚೀಲದ ಆರ್ಡರ್ ಬಂದರೆ ನಲವತ್ತು ತುಂಡು, ನಲವತ್ತು ಹಿಡಿಕೆ ಕತ್ತರಿಸಬೇಕು. ದೊಡ್ಡ ಕತ್ತರಿ ಹಿಡಿದು ಹೆಬ್ಬೆರಳು, ಮಣಿಕಟ್ಟು ನೋಯುತ್ತವೆ. ಒಂದು ತುಂಡು ಓರೆಯಾದರೂ ಬಟ್ಟೆ ಹಾಳು, ಲಾಭವೂ ಹೋಯಿತು. ಈ ಕೆಲಸ ಹಗುರ ಮಾಡುವ ಸಾಧನವೇ ರೋಟರಿ ಕಟರ್. ಆದರೆ ಸರಿಯಾಗಿ ಬಳಸದಿದ್ದರೆ ಬೆರಳಿಗೇ ಅಪಾಯ. ಹಾಗಾದರೆ ಇದನ್ನು ಆಯ್ಕೆ ಮಾಡುವುದು ಹೇಗೆ, ಬಳಸುವುದು ಹೇಗೆ? ಇಲ್ಲಿದೆ ಮಾಹಿತಿ.

ಏನಿದು ರೋಟರಿ ಕಟರ್?

ಹಿಡಿಕೆಯ ತುದಿಯಲ್ಲಿ ಚಕ್ರದಂತೆ ಉರುಳುವ ದುಂಡನೆಯ ಬ್ಲೇಡ್ ಇರುವ ಸಾಧನವಿದು. ಅಡುಗೆಮನೆಯ ಪಿಜ್ಜಾ ಕಟರ್ ನೋಡಿದವರಿಗೆ ಇದರ ಆಕಾರ ಹೊಸದಲ್ಲ. ಜಪಾನ್‌ನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮೊಂಡಾದ ತುದಿಯನ್ನು ಮುರಿದು ಹೊಸ ತುದಿ ಬಳಸುವ ಕಟರ್ ಚಾಕುವನ್ನು 1956ರಲ್ಲಿ ಕಂಡುಹಿಡಿದ ಯೋಶಿಯೊ ಒಕಾಡಾ ಅವರದೇ ಕಂಪನಿ ಇದು. ಜಪಾನಿ ಭಾಷೆಯಲ್ಲಿ 'ಓರು' ಎಂದರೆ ಮುರಿ, 'ಹಾ' ಎಂದರೆ ಅಲಗು. ಕಂಪನಿಯ ಹೆಸರು ಬಂದದ್ದೇ ಹಾಗೆ. ಇಂದು ಹಲವು ಕಂಪನಿಗಳ ರೋಟರಿ ಕಟರ್‌ಗಳು ಸಿಗುತ್ತವೆ.

ಕತ್ತರಿಯಲ್ಲಿ ಕತ್ತರಿಸುವಾಗ ಕೆಳಗಿನ ಅಲಗು ಬಟ್ಟೆಯನ್ನು ಪ್ರತಿ ಸಲ ಸ್ವಲ್ಪ ಮೇಲೆತ್ತುತ್ತದೆ. ಎರಡು ಪದರ ಇದ್ದರೆ ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಜಾರುತ್ತದೆ. ರೋಟರಿ ಕಟರ್‌ನಲ್ಲಿ ಬಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿಯೇ ಇರುತ್ತದೆ, ಬ್ಲೇಡ್ ಮೇಲಿನಿಂದ ಒತ್ತಿ ಉರುಳುತ್ತದೆ. ಹಾಗಾಗಿ ಪದರಗಳು ಜಾರುವುದಿಲ್ಲ, ಗೆರೆ ನೇರವಾಗಿ ಬರುತ್ತದೆ.

ಯಾವ ಕೆಲಸಕ್ಕೆ ಯಾವ ಅಳತೆ?

ಬ್ಲೇಡ್‌ನ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಅಳತೆಗಳು ನಾಲ್ಕು.

18 ಮಿ.ಮೀ.: ಸಣ್ಣ ಹೂವು, ಎಲೆಯಂಥ ತೇಪೆ ಕೆಲಸಕ್ಕೆ.

28 ಮಿ.ಮೀ.: ಮಗುವಿನ ಉಡುಪು, ಕತ್ತಿನ ಸುತ್ತ, ತೋಳಿನ ಸುತ್ತದಂಥ ತಿರುವುಗಳಿಗೆ.

45 ಮಿ.ಮೀ.: ನೇರ ಕಟಿಂಗ್‌ಗೆ, ಹತ್ತಿ ಬಟ್ಟೆಯ ನಾಲ್ಕು ಪದರದವರೆಗೆ. ಮೊದಲ ಬಾರಿ ಕೊಳ್ಳುವವರಿಗೆ ಇದೇ ಸೂಕ್ತ.

60 ಮಿ.ಮೀ.: ಜೀನ್ಸ್, ಕ್ಯಾನ್ವಾಸ್, ಪರದೆಯಂಥ ದಪ್ಪ ಬಟ್ಟೆಗೆ. ಕಲ್ಯಾಣದ ಪಕ್ಕದ ಉಲ್ಹಾಸನಗರ ಜೀನ್ಸ್ ತಯಾರಿಕೆಗೆ ಹೆಸರಾದ ಊರು. ಜೀನ್ಸ್ ತುಂಡುಗಳಿಂದ ಚೀಲ, ಪರ್ಸ್ ಹೊಲಿಯುವವರಿಗೆ ಈ ಅಳತೆ ನೆರವಾಗುತ್ತದೆ.

ಕಟರ್ ಒಂದೇ ಸಾಲದು, ಮ್ಯಾಟ್ ಮತ್ತು ಸ್ಕೇಲ್ ಬೇಕೇ ಬೇಕು

ಹೊಸಬರು ಮಾಡುವ ಮೊದಲ ತಪ್ಪು ಕಟರ್ ಮಾತ್ರ ಕೊಂಡು ತರುವುದು. ಗ್ರಾನೈಟ್ ಕಟ್ಟೆ, ಗಾಜಿನ ಟೀಪಾಯಿ, ಸ್ಟೀಲ್ ಮೇಲೆ ಉರುಳಿಸಿದರೆ ಬ್ಲೇಡ್ ಸ್ವಲ್ಪ ಹೊತ್ತಿನಲ್ಲೇ ಮೊಂಡಾಗುತ್ತದೆ. ಮರದ ಮೇಜಾದರೆ ಅದರ ಮೈತುಂಬ ಗೀರು.

ಇದಕ್ಕೆಂದೇ ಇರುವುದು 'ಸೆಲ್ಫ್ ಹೀಲಿಂಗ್' ಕಟಿಂಗ್ ಮ್ಯಾಟ್. ಬ್ಲೇಡ್ ಬಿದ್ದ ಗೆರೆ ಮತ್ತೆ ಮುಚ್ಚಿಕೊಳ್ಳುವಂಥ ಮೆದು ಪ್ಲಾಸ್ಟಿಕ್‌ನಿಂದ ಇದನ್ನು ಮಾಡಿರುತ್ತಾರೆ. ಎ3 ಮ್ಯಾಟ್ ಸುಮಾರು 45x30 ಸೆಂ.ಮೀ., ಎ2 ಸುಮಾರು 60x45 ಸೆಂ.ಮೀ. ಇರುತ್ತದೆ. ಒಂದು ಕೋಣೆ, ಅಡುಗೆಮನೆಯ ಫ್ಲಾಟ್‌ನಲ್ಲೂ ಎ2 ಮ್ಯಾಟ್ ಇಡಲು ಜಾಗ ಸಾಕು. ಕೆಲಸ ಮುಗಿದ ಮೇಲೆ ಮಂಚದ ಹಾಸಿಗೆ ಕೆಳಗೆ ಚಪ್ಪಟೆಯಾಗಿ ಸರಿಸಿಡಬಹುದು. ಸುತ್ತಿಡಬಾರದು, ಬಿಸಿಲಿಗೆ ಇಡಬಾರದು, ಮೇಲೆ ಇಸ್ತ್ರಿ ಹಾಕಬಾರದು. ಬಿಸಿಗೆ ಒಮ್ಮೆ ಡೊಂಕಾದ ಮ್ಯಾಟ್ ಮತ್ತೆ ನೇರವಾಗುವುದು ಕಷ್ಟ.

ಮೂರನೆಯದು ಪಾರದರ್ಶಕ ಅಕ್ರಿಲಿಕ್ ಸ್ಕೇಲ್. 6 ಇಂಚು ಅಗಲ, 24 ಇಂಚು ಉದ್ದದ್ದು ಹೆಚ್ಚು ಬಳಕೆಯಲ್ಲಿದೆ. ಶಾಲೆಯ ತೆಳು ಸ್ಕೇಲ್ ಬಳಸಬೇಡಿ. ಬ್ಲೇಡ್ ಅದರ ಮೇಲೆ ಹತ್ತಿ ನೇರ ಬೆರಳಿಗೆ ಬರುತ್ತದೆ. ಅಕ್ರಿಲಿಕ್ ಸ್ಕೇಲ್ ದಪ್ಪವಾಗಿರುವುದರಿಂದ ಬ್ಲೇಡ್‌ಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಅದರ ಮೇಲಿನ 45 ಡಿಗ್ರಿ ಗೆರೆ ಹಿಡಿದರೆ ಪೈಪಿಂಗ್‌ಗೆ ಬೇಕಾದ ಕ್ರಾಸ್ ಪಟ್ಟಿಗಳನ್ನು ಒಂದೇ ಅಗಲದಲ್ಲಿ ಕತ್ತರಿಸಬಹುದು.

ಬಳಸುವ ಕ್ರಮ ಹೀಗೆ

1. ಹತ್ತಿ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಗಿರಾಕಿಯ ದೂರು ತಪ್ಪದು.

2. ಚೆನ್ನಾಗಿ ಇಸ್ತ್ರಿ ಮಾಡಿ. ಸುಕ್ಕು ಇದ್ದಲ್ಲಿ ಗೆರೆ ಸೊಟ್ಟಗಾಗುತ್ತದೆ.

3. ಎರಡೂ ಅಂಚು ಸೇರುವಂತೆ ಮಡಚಿ ಮ್ಯಾಟ್ ಮೇಲೆ ಹಾಸಿ. ಗುಂಡುಸೂಜಿಗಳಿದ್ದರೆ ತೆಗೆಯಿರಿ. ಸೂಜಿಯ ಮೇಲೆ ಹಾದರೆ ಬ್ಲೇಡ್‌ಗೆ ಕಚ್ಚು ಬೀಳುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಒಂದು ಎಳೆ ಕತ್ತರಿಸದೆ ಉಳಿಯುತ್ತದೆ.

4. ಸ್ಕೇಲ್ ಇಟ್ಟು ಎಡಗೈಯ ಬೆರಳುಗಳನ್ನು ಅಗಲಿಸಿ ಒತ್ತಿ ಹಿಡಿಯಿರಿ. ಒಂದು ಬೆರಳೂ ಸ್ಕೇಲ್‌ನ ಅಂಚಿನಿಂದ ಹೊರಗೆ ಇರಕೂಡದು. ಎಡಚರು ಕೈ ಅದಲುಬದಲು ಮಾಡಿಕೊಳ್ಳಬೇಕು.

5. ನಿಂತುಕೊಂಡೇ ಕತ್ತರಿಸಿ. ಬ್ಲೇಡ್ ಯಾವಾಗಲೂ ದೇಹದಿಂದ ಆಚೆಗೆ ಹೋಗಬೇಕು, ನಿಮ್ಮ ಕಡೆಗೆ ಎಳೆಯಬೇಡಿ. ಹಿಂದೆ ಮುಂದೆ ಉಜ್ಜದೆ ಒಂದೇ ಸಲಕ್ಕೆ ಉರುಳಿಸಿ.

6. ಪ್ರತಿ ಕಟ್ ಆದ ಕೂಡಲೇ ಬ್ಲೇಡ್‌ನ ಕವಚ ಮುಚ್ಚಿ. ಎರಡೇ ಕ್ಷಣಕ್ಕೆ ಕೆಳಗಿಡುವುದಾದರೂ ಮುಚ್ಚಿಯೇ ಇಡಿ.

ಸ್ಕೇಲ್ ಜಾರುತ್ತಿದ್ದರೆ ಅದರ ಹಿಂಭಾಗಕ್ಕೆ ಮರಳು ಕಾಗದದ ಸಣ್ಣ ಚೂರುಗಳನ್ನು ಅಂಟಿಸಬಹುದು. ಜಾರ್ಜೆಟ್‌ನಂಥ ಜಾರುವ ಬಟ್ಟೆಯ ಕೆಳಗೆ ತೆಳು ಕಾಗದ ಹಾಸಿದರೆ ಹಿಡಿತ ಸಿಗುತ್ತದೆ.

1 ಮೀಟರ್ ಬಟ್ಟೆಯಲ್ಲಿ 2 ಚೀಲ: ಲೆಕ್ಕ ಇಲ್ಲಿದೆ

ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ಚೀಲಗಳ ನಿಷೇಧದ ಅಧಿಸೂಚನೆ ಹೊರಡಿಸಿತು. ಅದೇ ವರ್ಷ ಜೂನ್ 23ರಿಂದ ದಂಡ ಹಾಕುವುದು ಶುರುವಾಯಿತು. ಬಟ್ಟೆ ಚೀಲ ಹೊಲಿಯುವುದು ಮನೆಯ ಹೊಲಿಗೆಗೆ ಒಪ್ಪುವ ಕೆಲಸ. ಅದರಲ್ಲಿ ಎಲ್ಲವೂ ನೇರ ಗೆರೆಗಳೇ ಇರುವುದರಿಂದ ರೋಟರಿ ಕಟರ್ ಕಲಿಯಲು ಇದೇ ಒಳ್ಳೆಯ ಪಾಠ.

44 ಇಂಚು ಪನ್ನದ 1 ಮೀಟರ್ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಅಂಚುಗಳನ್ನು ತೆಗೆದರೆ ಸುಮಾರು 43 ಇಂಚು ಅಗಲ ಉಳಿಯುತ್ತದೆ. ಉದ್ದದಲ್ಲಿ 34 ಇಂಚು ಸಾಕು. ಎರಡು ಪದರವಾಗಿ ಮಡಚಿ, ಅಂಚಿನ ಕಡೆಯಿಂದ 15 ಇಂಚಿಗೆ ಉದ್ದಕ್ಕೆ ಕತ್ತರಿಸಿ. 24 ಇಂಚಿನ ಸ್ಕೇಲ್ ಅನ್ನು ಒಮ್ಮೆ ಮುಂದೆ ಸರಿಸಬೇಕಾಗುತ್ತದೆ. ಆ ಎರಡು ಪದರವನ್ನು 17 ಇಂಚಿಗೆ ಅಡ್ಡ ಕತ್ತರಿಸಿದರೆ 15x17 ಇಂಚಿನ ನಾಲ್ಕು ತುಂಡು ಸಿಗುತ್ತವೆ. ಅಂದರೆ ಎರಡು ಚೀಲಕ್ಕೆ ಸಾಕು.

ಮಡಿಕೆಯ ಕಡೆ ಉಳಿದದ್ದನ್ನು ಬಿಡಿಸಿದರೆ 13 ಇಂಚು ಅಗಲ, 34 ಇಂಚು ಉದ್ದದ ಪಟ್ಟಿ. ಅದರಲ್ಲಿ 3 ಇಂಚು ಅಗಲ, 22 ಇಂಚು ಉದ್ದದ ನಾಲ್ಕು ಹಿಡಿಕೆ ಬರುತ್ತವೆ. ಬದಿ ಮತ್ತು ತಳಕ್ಕೆ ಅರ್ಧ ಇಂಚು ಹೊಲಿಗೆ, ಬಾಯಿಗೆ ಒಂದೂವರೆ ಇಂಚು ಮಡಿಕೆ ಬಿಟ್ಟರೆ ತಯಾರಾದ ಚೀಲ 14x15 ಇಂಚು ಇರುತ್ತದೆ. ಹಳೆಯ ಬೆಡ್‌ಶೀಟ್, ಪರದೆಯಿಂದಲೂ ಇದೇ ಅಳತೆಯಲ್ಲಿ ಮಾಡಬಹುದು.

ಕತ್ತರಿಗೆ ಕೆಲಸ ಇಲ್ಲವೇ?

ಖಂಡಿತ ಇದೆ. ಬ್ಲೌಸ್‌ನ ಕಂಕುಳ ತಿರುವು, ಒಳ ಮೂಲೆ, ಸಣ್ಣ ಕಚ್ಚು ಹಾಕುವುದು ಕತ್ತರಿಯದೇ ಕೆಲಸ. ಜರಿ ಇರುವ ಬಟ್ಟೆಗೂ ರೋಟರಿ ಬ್ಲೇಡ್ ಬಳಸದಿರುವುದು ಒಳ್ಳೆಯದು, ಲೋಹದ ಎಳೆಗೆ ಅದು ಬೇಗ ಮೊಂಡಾಗುತ್ತದೆ. ಗಿರಾಕಿಯ ರೇಷ್ಮೆ ಸೀರೆಯ ಬ್ಲೌಸ್ ತುಂಡಿನ ಮೇಲಂತೂ ಕೈ ಪಳಗುವ ಮುನ್ನ ಪ್ರಯೋಗ ಬೇಡ.

ಹೊಲಿಗೆಪೆಟ್ಟಿಗೆಯಲ್ಲಿ ಇರಬೇಕಾದ ಇನ್ನಷ್ಟು ಸಾಧನಗಳು:

ಸೀಮ್ ರಿಪ್ಪರ್: ತಪ್ಪಿದ ಹೊಲಿಗೆ ಬಿಚ್ಚಲು. ಬ್ಲೇಡ್‌ನಿಂದ ಬಿಚ್ಚಲು ಹೋಗಿ ಬಟ್ಟೆ ಹರಿಯುವುದು ತಪ್ಪುತ್ತದೆ.

ಕ್ಲಿಪ್‌ಗಳು: ಜೀನ್ಸ್, ರೆಕ್ಸಿನ್‌ನಂಥ ಗುಂಡುಸೂಜಿ ಹೋಗದ ಬಟ್ಟೆ ಹಿಡಿದಿಡಲು.

ಟ್ರೇಸಿಂಗ್ ವೀಲ್: ಅಳತೆಯ ಗುರುತನ್ನು ಕಾಗದದಿಂದ ಬಟ್ಟೆಗೆ ಇಳಿಸಲು.

ಜಿಗ್‌ಜಾಗ್ ಕತ್ತರಿ: ಓವರ್‌ಲಾಕ್ ಮಷಿನ್ ಇಲ್ಲದವರಿಗೆ, ಅಂಚಿನ ಎಳೆ ಬಿಚ್ಚುವುದನ್ನು ಕಡಿಮೆ ಮಾಡಲು.

ಅಯಸ್ಕಾಂತ: ನೆಲಕ್ಕೆ ಬಿದ್ದ ಸೂಜಿ ಹುಡುಕಲು. ತೆವಳುವ ಮಗು ಇರುವ ಮನೆಯಲ್ಲಿ ಇದು ಬೇಕೇ ಬೇಕು.

ಮಳೆಗಾಲದ ತುಕ್ಕು, ಹಳೆಯ ಬ್ಲೇಡ್‌ನ ಅಪಾಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ತೇವಕ್ಕೆ ಬ್ಲೇಡ್ ಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ನೂಲಿನ ಧೂಳು ಒರೆಸಿ, ಒಂದು ಹನಿ ಮಷಿನ್ ಎಣ್ಣೆ ಸವರಿ, ಒಣ ಡಬ್ಬಿಯಲ್ಲಿ ಇಡಿ. ಬ್ಲೇಡ್ ಬದಲಿಸುವಾಗ ಸ್ಕ್ರೂ, ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೆ ಜೋಡಿಸುವಾಗ ಗೊಂದಲ ಇರದು.

ಮೊಂಡು ಬ್ಲೇಡ್ ಹೊಸದಕ್ಕಿಂತ ಅಪಾಯಕಾರಿ. ಹೆಚ್ಚು ಒತ್ತಬೇಕಾಗುವುದರಿಂದ ಕೈ ಜಾರುವ ಸಾಧ್ಯತೆ ಹೆಚ್ಚು. ತೆಗೆದ ಬ್ಲೇಡನ್ನು ಹಾಗೆಯೇ ಕಸದ ಬುಟ್ಟಿಗೆ ಹಾಕಬೇಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರು ಕೈ ಹಾಕುವುದು ಅದೇ ಚೀಲಕ್ಕೆ. ದಪ್ಪ ಟೇಪ್ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, 'ಬ್ಲೇಡ್ ಇದೆ' ಎಂದು ಮರಾಠಿ ಅಥವಾ ಹಿಂದಿಯಲ್ಲಿ ಬರೆದು, ಕಸ ಒಯ್ಯುವವರಿಗೆ ಹೇಳಿ ಕೊಡಿ.

ಎಲ್ಲಿ ಸಿಗುತ್ತದೆ? ಸರ್ಕಾರದ ನೆರವು ಇದೆಯೇ?

ಆನ್‌ಲೈನ್‌ನಲ್ಲಿ ಎಲ್ಲ ಅಳತೆಗಳೂ ಸಿಗುತ್ತವೆ. ಕೊಳ್ಳುವ ಮುನ್ನ ಅದೇ ಅಳತೆಯ ಬಿಡಿ ಬ್ಲೇಡ್ ಪ್ರತ್ಯೇಕವಾಗಿ ಸಿಗುತ್ತದೆಯೇ ಎಂದು ನೋಡಿ. ಬ್ಲೇಡ್ ಸಿಗದ ಅಗ್ಗದ ಕಟರ್ ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವವರು ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಬಟ್ಟೆಗೆ ಹೆಸರಾದ ಮಂಗಲದಾಸ್ ಮಾರ್ಕೆಟ್ ಕೂಡ ಅಲ್ಲೇ ಹತ್ತಿರದಲ್ಲಿದೆ.

ಹೊಲಿಗೆಯನ್ನೇ ದುಡಿಮೆ ಮಾಡಿಕೊಂಡವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ಗಮನಿಸಬಹುದು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳಲು 15,000 ರೂಪಾಯಿವರೆಗಿನ ಇ-ವೋಚರ್, ಶೇ. 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ 1 ಲಕ್ಷ ಹಾಗೂ ಎರಡನೇ ಹಂತಕ್ಕೆ 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿವೆ. 18 ವರ್ಷ ತುಂಬಿರಬೇಕು, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ, ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ. ನೋಂದಣಿ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ನಡೆಯುತ್ತದೆ. ಹೋಗುವ ಮುನ್ನ ಯೋಜನೆಯ ಪೋರ್ಟಲ್‌ನಲ್ಲಿ ಸದ್ಯದ ನಿಯಮ ನೋಡಿಕೊಳ್ಳಿ.

ಉಳಿದ ಚೂರುಗಳನ್ನು ಎಸೆಯಬೇಡಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಮಹಾರಾಷ್ಟ್ರದಲ್ಲಿ ಅದೇ ಗೋಧಡಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳಿಗೆ ಇಂದು ಹೊರದೇಶಗಳಲ್ಲೂ ಮೆಚ್ಚುಗೆ ಇದೆ. ಅವರು ಹೊಲಿಯುವುದು ಸೂಜಿ ದಾರದಿಂದಲೇ. ಕಟಿಂಗ್‌ನಲ್ಲಿ ಉಳಿದ ಚೂರುಗಳನ್ನು 5 ಇಂಚಿನ ಚೌಕಗಳಾಗಿ ಕತ್ತರಿಸಿ ಕೂಡಿಡುತ್ತ ಬಂದರೆ ನಿಮ್ಮ ಮನೆಯಲ್ಲೂ ವರ್ಷಕ್ಕೊಂದು ಕೌದಿಗೆ ಬಟ್ಟೆ ಸಿದ್ಧವಾಗುತ್ತದೆ. ಚೌಕ ಕತ್ತರಿಸುವಾಗಲೂ ಅದೇ ನಿಯಮ: ಬೆರಳು ಸ್ಕೇಲ್‌ನ ಒಳಗಿರಲಿ, ಕತ್ತರಿಸಿದ ಕೂಡಲೇ ಕವಚ ಮುಚ್ಚಿ, ಕಟರ್ ಅನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.