ಎರಡು ಹೆಸರಿನ ಒಂದೇ ಗುಳಿಗೆ

ಕಳೆದ ವರುಷದ ಆಷಾಢ ಏಕಾದಶಿಯ ರಾತ್ರಿ. ಹೊರಗೆ ಧಾರಾಕಾರ ಮಳೆ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಲ್ಲರೂ ಮಲಗಿದ್ದೆವು. ಎರಡೂವರೆಯ ಸುಮಾರಿಗೆ ತಾಯಿಯವರು ಏನೋ ಬಡಬಡಿಸುವುದು ಕೇಳಿ ಎದ್ದು ದೀಪ ಹಾಕಿದೆ. ಸೀರೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ, ತೀರಿಹೋಗಿ ಇಪ್ಪತ್ತು ವರುಷವಾದ ಸೋದರಮಾವನ ಹೆಸರು ಹಿಡಿದು ಕರೆದರು. ಲಕ್ವ ಹೊಡೆಯಿತೆಂದು ನನ್ನ ಹೆಂಡತಿ ಅಳತೊಡಗಿದಳು. ನನಗಂತೂ ಕೈಕಾಲೇ ಆಡಲಿಲ್ಲ.

ಕೆಳಗಿನ ಮನೆಯ ಮರಾಠಿ ಗೃಹಸ್ಥರು ಹಳೆಯ ಮಧುಮೇಹಿಗಳು. ಗದ್ದಲ ಕೇಳಿ, ರಕ್ತದ ಸಕ್ಕರೆ ನೋಡುವ ತಮ್ಮ ಪುಟ್ಟ ಯಂತ್ರವನ್ನು ಹಿಡಿದು ಬಂದರು. ಹೊಸ ಸೂಜಿಯಿಂದ ಬೆರಳು ಚುಚ್ಚಿ ನೋಡಿದರೆ 46! 70ರ ಕೆಳಗಿಳಿದರೇ ಅಪಾಯದ ಗಂಟೆ ಬಾರಿಸಿದಂತೆ. ತಾಯಿಯವರಿಗೆ ನುಂಗುವಷ್ಟು ಪ್ರಜ್ಞೆ ಇತ್ತು. ಮೂರು ಚಹದ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಹದಿನೈದು ನಿಮಿಷದ ಮೇಲೆ 66. ಮತ್ತೆ ಅಷ್ಟೇ ಕುಡಿಸಿದರು. ಇನ್ನು ಹದಿನೈದು ನಿಮಿಷಕ್ಕೆ 94. ಆಗ ತಾಯಿಯವರು, "ಯಾಕ್ರೋ, ಎಲ್ಲಾರೂ ಎದ್ದು ಕೂತೀರಿ?" ಎಂದು ನಮ್ಮನ್ನೇ ಕೇಳಿದರು.

ಇಷ್ಟಕ್ಕೆ ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟೆ. ಆ ಗೃಹಸ್ಥರು ಒಪ್ಪಲಿಲ್ಲ. ಕೆಲವು ಗುಳಿಗೆಗಳ ಪ್ರಭಾವ ಒಂದು ಇಡೀ ದಿನ ಉಳಿಯುತ್ತದೆ, ಏರಿದ ಸಕ್ಕರೆ ಮತ್ತೆ ಕುಸಿಯಬಹುದು ಎಂದು ಹೇಳಿ, ಆ ಮಳೆಯಲ್ಲೇ ರಿಕ್ಷಾ ತರಿಸಿ ಆಸ್ಪತ್ರೆಗೆ ಕಳಿಸಿದರು. ಅವರ ಮಾತು ಖರೆಯಾಯಿತು. ಬೆಳಗಿನ ಎಂಟಕ್ಕೆ ಮತ್ತೆ 60ಕ್ಕೆ ಇಳಿದಿತ್ತು. ಮನೆಯಲ್ಲೇ ಮಲಗಿಸಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಸ್ಪತ್ರೆಯ ವೈದ್ಯರು, "ಇವರು ನುಂಗುವ ಗುಳಿಗೆಗಳನ್ನೆಲ್ಲ ತನ್ನಿ" ಎಂದರು. ತಾಯಿಯವರ ಬಟ್ಟೆಯ ಚೀಲವನ್ನೇ ತಂದು ಮೇಜಿನ ಮೇಲೆ ಸುರುವಿದೆ. ಅದರಲ್ಲಿ ಕಲಬುರಗಿಯ ವೈದ್ಯರು ಕೊಟ್ಟ ಪಟ್ಟಿಯೊಂದು, ಇಲ್ಲಿಗೆ ಬಂದಮೇಲೆ ಇಲ್ಲಿನ ವೈದ್ಯರೊಬ್ಬರು ಬರೆದುಕೊಟ್ಟ ಪಟ್ಟಿಯೊಂದು. ಒಂದು ಬಿಳಿ, ಒಂದು ಹಳದಿ. ಕಂಪನಿ ಬೇರೆ, ಹೆಸರು ಬೇರೆ. ವೈದ್ಯರು ಎರಡನ್ನೂ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ಎರಡರಲ್ಲೂ ಒಂದೇ ಬರಹ: ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ. ತಾಯಿಯವರು ಎಂಟು ದಿನ ಎರಡನ್ನೂ ನುಂಗಿದ್ದರು. ಏಕಾದಶಿಯ ದಿನ ಹಾಲು, ಒಂದು ಬಾಳೆಹಣ್ಣು ಇಷ್ಟರ ಮೇಲೆಯೇ ಇದ್ದರು. ಊಟ ಬಿಟ್ಟರೂ ಗುಳಿಗೆ ಬಿಡಬಾರದೆಂಬ ನಿಷ್ಠೆ ಬೇರೆ!

ನಾನು ವೈದ್ಯನಲ್ಲ, ಸರಕಾರಿ ಕಚೇರಿಯ ಕಾರಕೂನ. ಒಬ್ಬನೇ ಮನುಷ್ಯನ ಅರ್ಜಿ ಎರಡು ಹೆಸರಿನಲ್ಲಿ ಎರಡು ಕಡತವಾಗಿ ಓಡಾಡಿದರೆ ಹಣ ಎರಡು ಸಲ ಪಾವತಿಯಾಗುವುದನ್ನು ಬಲ್ಲೆ. ಅದನ್ನು ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಆದರೆ ಸ್ವಂತ ತಾಯಿಯ ಚೀಲದಲ್ಲಿ ಅದೇ ಮೋಸ ಎಂಟು ದಿನ ನಡೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿನ ವೈದ್ಯರು, "ಮೊದಲು ಯಾವ ಔಷಧ ನಡೆದಿದೆ?" ಎಂದು ಹಿಂದಿಯಲ್ಲಿ ಕೇಳಿದ್ದರಂತೆ, ತಾಯಿಯವರು ಕನ್ನಡದಲ್ಲಿ "ಬಿಳೇ ಗುಳಿಗಿ" ಎಂದಿದ್ದರಂತೆ. ಜತೆಗೆ ಹೋಗಬೇಕಾದ ನಾನು ಕಚೇರಿಯಲ್ಲಿದ್ದೆ.

ಠಾಣೆ, ಕಲ್ಯಾಣ, ನವಿ ಮುಂಬಯಿ ಎಲ್ಲಿಯ ನಮ್ಮವರ ಮನೆಗೆ ಹೋದರೂ, ಊರಿನಿಂದ ಬಂದ ಹಿರಿಯರ ಬಳಿ ಇಂಥದೊಂದು ಚೀಲ ಇದ್ದೇ ಇರುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಔಷಧ ಹತ್ತಾರು, ಅದನ್ನು ಮಾರುವ ಹೆಸರುಗಳೋ ಲೆಕ್ಕವಿಲ್ಲದಷ್ಟು. ವೈದ್ಯರು ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಆಗಿನ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. ಬರೆಯದಿದ್ದರೆ ವಿನಯದಿಂದ ಬರೆಸಿಕೊಳ್ಳಬಹುದು. ಗುಳಿಗೆಯ ಹೆಸರಿನ ಕೊನೆಗಿರುವ ಎಂ ಎಂಬ ಅಕ್ಷರ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಬೆರೆತಿದೆಯೆಂಬುದರ ಗುರುತು. ಆದರೂ ಗುರುತನ್ನು ನಂಬದೆ ಪಟ್ಟಿಯ ಹಿಂಬದಿಯನ್ನು ಓದುವುದೇ ಲೇಸು.

ಗ್ಲಿಮೆಪಿರೈಡಿನ ವಂಶದ ಕಥೆ ಕೇಳುವಂಥದು. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಝಾನ್‌ಬಾನ್ ಎಂಬ ವೈದ್ಯರು ವಿಷಮಶೀತಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟರು. ರೋಗಿಗಳ ರಕ್ತದ ಸಕ್ಕರೆ ಕುಸಿಯಿತು. ಆ ಅನಾಹುತದಿಂದಲೇ ಮಧುಮೇಹದ ಗುಳಿಗೆ ಹುಟ್ಟಿತು. ಇವು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ವಿಚಾರಿಸುವುದಿಲ್ಲ. ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇದೇ ಮನೆತನದವು. ಪ್ಯಾರಿಸಿನ ಝಾನ್ ಸ್ಟರ್ನ್ ಎಂಬ ವೈದ್ಯರು 1957ರಲ್ಲಿ ಬಳಕೆಗೆ ತಂದ ಮೆಟ್‌ಫಾರ್ಮಿನ್ ಸ್ವಭಾವದಲ್ಲಿ ಸಾಧು. ಒಂದೇ ಇದ್ದರೆ ಸಕ್ಕರೆಯನ್ನು ಹೀಗೆ ಕುಸಿಯಗೊಡುವುದು ಅಪರೂಪ. ಹೊಟ್ಟೆಯನ್ನು ಮಾತ್ರ ಕೆಡಿಸುವುದುಂಟು, ಆದ್ದರಿಂದ ಊಟದೊಡನೆ ನುಂಗಬೇಕು. ಬಹುಕಾಲ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಮೂತ್ರಪಿಂಡ ಸೋತವರಿಗೆ ಅದು ಕೂಡದು. ವರುಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಬೇಕು.

ನಮ್ಮ ಲೋಕಲ್ ಗಾಡಿಯ ಜೀವನಕ್ಕೆ ಗ್ಲಿಮೆಪಿರೈಡ್ ಹೇಳಿ ಮಾಡಿಸಿದ ಶತ್ರು. ಆರೂವರೆಗೆ ಮನೆಯಲ್ಲಿ ಗುಳಿಗೆ, ತಿಂಡಿಯ ಡಬ್ಬಿ ಮಾತ್ರ ಹತ್ತು ಗಂಟೆಗೆ ಕಚೇರಿಯಲ್ಲಿ! ಮಧ್ಯೆ ಠಾಣೆಯ ಬಳಿ ಗಾಡಿ ನಿಂತಿತೆಂದರೆ ಬೆವರು, ನಡುಕ, ಕಣ್ಣಿಗೆ ಮಬ್ಬು. ಸುತ್ತಲಿನವರು ಕುಡಿದಿದ್ದಾನೆಂದು ತಿಳಿಯುತ್ತಾರೆ. ಗುಳಿಗೆ ತಿಂಡಿಯ ಜತೆಗೇ ಇರಲಿ, ಗ್ಲೂಕೋಸ್ ಪುಡಿಯ ಪೊಟ್ಟಣ ಜೇಬಿನಲ್ಲಿರಲಿ. ವೊಗ್ಲಿಬೋಸ್ ಎಂಬ ಗುಳಿಗೆಯೂ ಸೇರಿದ್ದರೆ ಮನೆಯ ಸಕ್ಕರೆ ಬೇಗ ರಕ್ತಕ್ಕೆ ಇಳಿಯದು, ಗ್ಲೂಕೋಸೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಉಸಿರುಕೊಳವೆಗೆ ಹೋದೀತು. 108ಕ್ಕೆ ಫೋನು ಮಾಡಬೇಕು. ಸಂಕಷ್ಟಿ, ಏಕಾದಶಿ ಮಾಡುವವರು ಎರಡು ದಿನ ಮೊದಲೇ ವೈದ್ಯರನ್ನು ಕೇಳಿ, ಅಂದಿನ ಗುಳಿಗೆಯ ಏರ್ಪಾಡು ಮಾಡಿಕೊಳ್ಳಬೇಕು. ದೇವರು ಇದಕ್ಕೆ ಬೇಸರಪಡುವನೆಂದು ನನಗನಿಸುವುದಿಲ್ಲ.

ಇನ್ನು ಕೆಲವು ಮಾತು. ಬೆಳಗಿನದು ಮರೆತರೆ ರಾತ್ರಿ ಎರಡು ನುಂಗಬಾರದು. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಯನ್ನು ಅರೆದು ಕೊಡಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ವಾಂತಿಭೇದಿಯಾದಾಗ, ಉಪವಾಸವಿದ್ದಾಗ, ಶಸ್ತ್ರಕ್ರಿಯೆಗೆ ಮುಂಚೆ ವೈದ್ಯರನ್ನು ವಿಚಾರಿಸಲೇಬೇಕು. ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲವಾಗುವ ಗಂಡಾಂತರ ಅವುಗಳಲ್ಲಿದೆ. ಹಾಗಲಕಾಯಿ ರಸ, ಮಧುನಾಶಿನಿ ಪುಡಿಗಳನ್ನು ನಾನು ಹೀಗಳೆಯಲಾರೆ. ಆದರೆ ಗುಳಿಗೆಯ ಜತೆ ಅವೂ ಸಕ್ಕರೆ ಇಳಿಸಬಹುದಾದ್ದರಿಂದ ವೈದ್ಯರಿಂದ ಮುಚ್ಚಿಡುವುದು ತರವಲ್ಲ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಕಚೇರಿಯ ಅಭ್ಯಾಸದಂತೆ ಒಂದು ಹಾಳೆಗೆ ಗೆರೆ ಎಳೆದೆ: ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಊಟಕ್ಕೆ ಮೊದಲೋ ಜತೆಗೋ, ಬರೆದುಕೊಟ್ಟವರಾರು. ತಾಯಿಯವರಿಗಾಗಿ ಕನ್ನಡದಲ್ಲಿ, ವೈದ್ಯರಿಗಾಗಿ ಪಕ್ಕದಲ್ಲೇ ಇಂಗ್ಲಿಷಿನಲ್ಲಿ. ಒಂದು ಪ್ರತಿ ಕಪಾಟಿನ ಬಾಗಿಲಿಗೆ, ಒಂದು ತಾಯಿಯವರ ಚೀಲಕ್ಕೆ. ದಸರೆಗೆ ಅವರು ಕಲ್ಯಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ ಹಾಳೆಯೂ ಹೋಯಿತು.

ತಿಂಗಳೊಪ್ಪತ್ತಿನಲ್ಲಿ ಫೋನು ಬಂತು. ಮೊಣಕಾಲು ನೋವಿಗೆಂದು ಬೇರೊಬ್ಬ ವೈದ್ಯರಲ್ಲಿಗೆ ಹೋಗಿದ್ದರಂತೆ, ಅವರು ಸಕ್ಕರೆಗೂ ಒಂದು ಹೊಸ ಗುಳಿಗೆ ಕೊಟ್ಟಿದ್ದರಂತೆ. ಅಣ್ಣನ ಮಗಳು ಹಿಂಬದಿಯ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದಳು, ನಾನು ಇಲ್ಲಿ ಕಪಾಟಿನ ಮುಂದೆ ನಿಂತು ತಾಳೆ ನೋಡಿದೆ. ಎರಡನೆಯ ಸಾಲಿನಲ್ಲಿ ಅದೇ ಹೆಸರಿತ್ತು.

"ನುಂಗಲೋ ಬ್ಯಾಡೋ?" ಎಂದರು ತಾಯಿಯವರು.

"ಇವತ್ತು ಹಳೇದೊಂದೇ ನುಂಗು. ನಾಳೆ ಹಾಳೆ ತೊಗೊಂಡು ಇಬ್ಬರಿಗೂ ತೋರಿಸಿ ಬಾ" ಎಂದೆ.