ನಮ್ಮ ಜಾಗದಲ್ಲಿರುವುದೆಲ್ಲ ನಮ್ಮದೇ?



ಮಳೆಗಾಲಕ್ಕೆ ಮುಂಚೆ ಬೇಲಿ ಕಟ್ಟುವ, ಅಗಳು ತೋಡುವ, ಗೆಲ್ಲು ಕಡಿಯುವ ಕೆಲಸ ಎಲ್ಲ ತೋಟಗಳಲ್ಲೂ ಇರುತ್ತದೆ. ನೆರೆಕರೆಯವರೊಳಗೆ ಜಗಳ ಹುಟ್ಟುವುದೂ ಹೆಚ್ಚಾಗಿ ಆಗಲೇ. ಒಂದು ಹಲಸಿನ ಮರಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟವರು, ಮರದ ಬೆಲೆಗಿಂತ ಹೆಚ್ಚನ್ನು ಕೋರ್ಟಿಗೆ ಖರ್ಚು ಮಾಡಿದವರು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ನಮ್ಮ ಜಾಗದಲ್ಲಿ ಇದ್ದದ್ದೆಲ್ಲ ನಮ್ಮದೇ ಎಂಬ ತಪ್ಪು ತಿಳುವಳಿಕೆಯೇ ಅನೇಕ ಜಗಳಗಳಿಗೆ ಮೂಲ. ಕಾನೂನು ಹಾಗೆ ಹೇಳುವುದಿಲ್ಲ.

ಗಡಿಯ ಮರ

ಮರ ಯಾರದೆಂದು ತೀರ್ಮಾನಿಸುವುದು ಅದರ ಬುಡ. ಬುಡ ನೆರೆಯವರ ಜಾಗದಲ್ಲಿದ್ದರೆ ಮರ ಅವರದು. ಗೆಲ್ಲು ನಿಮ್ಮ ಅಂಗಳಕ್ಕೆ ಬಾಗಿದ್ದರೂ, ಮಾವಿನಹಣ್ಣು ನಿಮ್ಮ ಅಂಗಳದಲ್ಲೇ ಬಿದ್ದಿದ್ದರೂ ಅದು ಮರದ ಒಡೆಯರಿಗೇ ಸೇರಿದ್ದು. ಗೆಲ್ಲಿನಿಂದ ತೊಂದರೆಯಿದ್ದರೆ ನಿಮ್ಮ ಜಾಗದಲ್ಲೇ ನಿಂತು, ಗಡಿಯ ತನಕ ಮಾತ್ರ ಕಡಿಯಬಹುದು. ಕಡಿದ ಗೆಲ್ಲನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ. ಬುಡ ಸರಿಯಾಗಿ ಗಡಿಯ ಮೇಲೆಯೇ ಇದ್ದರೆ ಮರ ಇಬ್ಬರದೂ ಆಗುತ್ತದೆ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಅದನ್ನು ಉರುಳಿಸಬಾರದು.

ನೆರೆಯವರ ಮರ ನಿಮ್ಮ ಮನೆಯ ಮೇಲೆ ಬೀಳುವಂತಿದ್ದು, ಹೇಳಿದರೂ ಅವರು ಕಡಿಸದಿದ್ದರೆ ಪಂಚಾಯತು ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡಿ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಅಪಾಯದ ಮರದ ಬಗ್ಗೆ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿದೆ. ವಿದ್ಯುತ್ ತಂತಿಗೆ ತಾಗುವ ಗೆಲ್ಲನ್ನಂತೂ ಸ್ವತಃ ಮುಟ್ಟಬೇಡಿ. ಅಲ್ಯೂಮಿನಿಯಂ ಅಥವಾ ಕಬ್ಬಿಣದ ದೋಟಿ ತಂತಿಗೆ ತಾಗಿದರೆ ಜೀವವೇ ಹೋಗುತ್ತದೆ. ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ಆಫ್ ಮಾಡಿಸಿದ ಬಳಿಕವೇ ಕೆಲಸ ನಡೆಯಲಿ.

ಪಟ್ಟೆ ಜಾಗದ ಬೀಟೆ, ತೇಗ

ಸರಕಾರದಿಂದ ಪಟ್ಟೆ ಸಿಕ್ಕಿದ ಜಾಗದ ವಿಷಯ ಇನ್ನೂ ಸೂಕ್ಷ್ಮ. ಪಟ್ಟೆ ಕೊಡುವಾಗ ಶ್ರೀಗಂಧ, ತೇಗ, ಬೀಟೆ, ಕರಿಮರಗಳನ್ನು ಸರಕಾರ ತನಗೇ ಉಳಿಸಿಕೊಳ್ಳುವ ಕ್ರಮವನ್ನು 1964ರ ಕೇರಳ ಭೂಮಂಜೂರಾತಿ ನಿಯಮಗಳಲ್ಲಿ ಕಾಣಬಹುದು. ಭೂಮಿ ನಿಮ್ಮದಾಗಿದ್ದರೂ ಅದರ ಮೇಲಿನ ಹಳೆಯ ಬೀಟೆ ಮರ ನಿಮ್ಮದಾಗಿರಬೇಕೆಂದಿಲ್ಲ.

ವಯನಾಡಿನ ಮುಟ್ಟಿಲ್ ಪ್ರಕರಣ ಇದಕ್ಕೆ ಸಾಕ್ಷಿ. ಪಟ್ಟೆ ಜಾಗದ ಮರ ಕಡಿಯಲು ಅನುಕೂಲವಾಗುವ ಒಂದು ಆದೇಶವನ್ನು ಕಂದಾಯ ಇಲಾಖೆ 2020ರ ಅಕ್ಟೋಬರ್ 24ರಂದು ಹೊರಡಿಸಿತು. 2021ರ ಫೆಬ್ರವರಿ 2ರಂದು ಅದನ್ನು ಹಿಂತೆಗೆದುಕೊಂಡಿತು. ಈ ನಡುವೆ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳು ಉರುಳಿದವು. ಪರೀಕ್ಷೆ ನಡೆಸಿದಾಗ ಕೆಲವು ಮರಗಳಿಗೆ 500 ವರ್ಷಕ್ಕೂ ಹೆಚ್ಚು ಪ್ರಾಯವೆಂದು ತಿಳಿದುಬಂತು. ಪಟ್ಟೆಗಿಂತ ಎಷ್ಟೋ ಹಿಂದಿನ ಮರಗಳವು! ವ್ಯಾಪಾರಿಯ ಮಾತು ನಂಬಿ ಮರ ಕೊಟ್ಟ ಸಣ್ಣ ರೈತರಿಗೂ ದಂಡದ ನೋಟಿಸು ಬಂತು. ಆದುದರಿಂದ ಮರದ ವ್ಯಾಪಾರಿ ಮುಂಗಡ ಹಣ ಹಿಡಿದು ಬಂದಾಗ ಮೊದಲು ಪಟ್ಟೆಯ ಷರತ್ತು ಓದಿಸಿ. ಗ್ರಾಮ ಕಚೇರಿ ಮತ್ತು ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಬೆರಕೆಯಾದ ಫಸಲು

ಒಣಗಿಸಲೆಂದೋ ದಾಸ್ತಾನಿಗೆಂದೋ ಒಬ್ಬರು ಕೊಟ್ಟ ಅಡಿಕೆ ಇನ್ನೊಬ್ಬರ ಅಂಗಳದಲ್ಲಿ ಬೆರಕೆಯಾಗುವುದುಂಟು. 1872ರ ಕರಾರು ಕಾನೂನು ಇದಕ್ಕೆ ಮೂರು ದಾರಿ ತೋರಿಸುತ್ತದೆ. ಇಬ್ಬರೂ ಒಪ್ಪಿ ಬೆರೆಸಿದ್ದರೆ, ಅವರವರ ಪ್ರಮಾಣಕ್ಕೆ ತಕ್ಕಂತೆ ಪಾಲು. ಕೊಟ್ಟವರ ಒಪ್ಪಿಗೆಯಿಲ್ಲದೆ ಬೆರೆಸಿ, ಅದನ್ನು ಬೇರ್ಪಡಿಸಲು ಸಾಧ್ಯವಿದ್ದರೆ, ಬೇರ್ಪಡಿಸುವ ಖರ್ಚೂ ಆದ ನಷ್ಟವೂ ಬೆರೆಸಿದವರ ಮೇಲೆ. ಹಳೆ ಅಡಿಕೆ, ಹೊಸ ಅಡಿಕೆ ಸೇರಿಹೋದರೆ ಹೆಕ್ಕಿ ತೆಗೆಯಬಹುದು. ಆದರೆ ಒಳ್ಳೆಯ ಕರಿಮೆಣಸಿಗೆ ಜೊಳ್ಳು ಸೇರಿ ಬೇರ್ಪಡಿಸಲಾಗದಂತಾದರೆ, ಬೆರೆಸಿದವರು ನಷ್ಟ ತುಂಬಿ ಕೊಡಬೇಕು. ಗೋಣಿಗೆ ಹೆಸರು ಬರೆಯುವುದು, ತೂಕವನ್ನು ಎರಡು ಚೀಟಿಗಳಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳುವುದು ಸುಲಭದ ಕ್ರಮ. ಅಣ್ಣತಮ್ಮಂದಿರ ನಡುವೆಯೂ ಇದು ಬೇಕು.

ಬಾಡಿಗೆ ಮನೆಯವರು ತಾವೇ ಕೂರಿಸಿದ ಪಂಪು, ಹಾಕಿಸಿದ ಶೀಟಿನ ಮಾಡು ಮೊದಲಾದವನ್ನು ಮನೆ ಬಿಡುವ ಮುಂಚೆ ಬಿಚ್ಚಿ ಒಯ್ಯಬಹುದು. ಜಾಗವನ್ನು ಮಾತ್ರ ಮೊದಲಿದ್ದಂತೆ ಬಿಟ್ಟುಕೊಡಬೇಕು. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದರಂತೆ.

ಸಿಕ್ಕಿದ ಸೊತ್ತು, ನೆಲದ ನಿಧಿ

ದಾರಿ ತಪ್ಪಿ ಬಂದ ದನವಾಗಲಿ ಕಳೆದುಹೋದ ವಸ್ತುವಾಗಲಿ ಸಿಕ್ಕಿದರೆ ಒಡೆಯನಿಗೆ ಮುಟ್ಟಿಸಬೇಕೆಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಕಲಿಸುತ್ತದೆ. ನಮ್ಮ ದೇಶದ ಕಾನೂನೂ ಅದೇ ದಾರಿಯಲ್ಲಿದೆ. ಸಿಕ್ಕಿದ ಸೊತ್ತನ್ನು ಕೈಗೆತ್ತಿಕೊಂಡವರು ಅದನ್ನು ಜೋಪಾನ ಮಾಡಬೇಕು, ಒಡೆಯನನ್ನು ಹುಡುಕಲು ಪ್ರಯತ್ನಿಸಬೇಕು.

2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯ ಒಂದು ರಬ್ಬರ್ ತೋಟದಲ್ಲಿ ಉದ್ಯೋಗ ಖಾತರಿಯ ಕೆಲಸಗಾರ್ತಿಯರು ಮಳೆನೀರಿನ ಗುಂಡಿ ತೋಡುತ್ತಿದ್ದಾಗ ಚಿನ್ನದ ಪದಕ, ಬೆಳ್ಳಿ ನಾಣ್ಯಗಳಿದ್ದ ಪಾತ್ರೆ ಸಿಕ್ಕಿತು. ಅವರು ಅದನ್ನು ಹಂಚಿಕೊಳ್ಳಲಿಲ್ಲ, ಅಧಿಕಾರಿಗಳಿಗೆ ಒಪ್ಪಿಸಿದರು. ಮಾಡಬೇಕಾದ್ದೂ ಅದನ್ನೇ. ಇಂತಹ ನಿಧಿಗೆ 1968ರ ಕೇರಳ ನಿಧಿ ಕಾನೂನು ಅನ್ವಯಿಸುತ್ತದೆ. ಅಡಗಿಸಿಟ್ಟರೆ ಅಪರಾಧ, ತೋಟ ನಮ್ಮದೇ ಆಗಿದ್ದರೂ.

ಅಳತೆ ಮೊದಲು, ಕತ್ತಿ ಆಮೇಲೆ

ಗಡಿಕಲ್ಲು ಎಲ್ಲಿದೆ ಎಂದು ಖಚಿತವಾದರೆ ಅರ್ಧ ಜಗಳ ತೀರಿದಂತೆ. ಕೇರಳದಲ್ಲಿ 2022ರ ನವೆಂಬರ್ 1ರಂದು ಡಿಜಿಟಲ್ ಮರುಸರ್ವೆ ಆರಂಭವಾಯಿತು. ಅದರ ಮುಂದಿನ ಹಂತವಾದ 'ಎಂಟೆ ಭೂಮಿ' ವ್ಯವಸ್ಥೆ 2024ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲೇ. ನಿಮ್ಮ ಗ್ರಾಮದಲ್ಲಿ ಅಳತೆಯವರು ಬರುವ ದಿನ ಮನೆಯವರೊಬ್ಬರು ಜಾಗದಲ್ಲಿ ಇರಲಿ. ಆಧಾರಪತ್ರ, ತೀರ್ವೆ ರಶೀದಿ ಕೈಯಲ್ಲಿರಲಿ. ಗಡಿಯ ಕಾಡು ಮೊದಲೇ ಸವರಿಡಿ. ಕರಡು ದಾಖಲೆ ಪ್ರಕಟವಾದಾಗ ಹೋಗಿ ನೋಡಿ, ತಪ್ಪಿದ್ದರೆ ಕೊಟ್ಟ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ. ಸರ್ವೆಕಲ್ಲನ್ನು ಕಿತ್ತು ಸರಿಸುವುದು ಶಿಕ್ಷಾರ್ಹ.

ಇಷ್ಟಾದರೂ ಮನಸ್ತಾಪ ಬಂದರೆ ಮೊದಲು ನೆರೆಯವರ ಮನೆಗೆ ಹೋಗಿ ಮಾತನಾಡಿ, ಒಪ್ಪಿದ್ದನ್ನು ಬರೆದು ಇಬ್ಬರೂ ಸಹಿ ಹಾಕಿ. ಮಾತಿನಿಂದ ತೀರದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತಿಗೆ ಹೋಗಬಹುದು. ಅಲ್ಲಿ ಕೋರ್ಟು ಶುಲ್ಕವಿಲ್ಲ, ಇಬ್ಬರೂ ಒಪ್ಪಿ ಆದ ತೀರ್ಪಿನ ಮೇಲೆ ಅಪೀಲೂ ಇಲ್ಲ. ಕಡಿದ ಮರವನ್ನು ಮತ್ತೆ ನಿಲ್ಲಿಸಲಾಗದು. ಕೇಳಿ, ಅಳೆದು, ಬರೆದಿಟ್ಟ ನಂತರವೇ ಕತ್ತಿ ಎತ್ತೋಣ.